ಏಳು ದಿನಕ್ಕೊಮ್ಮೆ ಬಡಗಣ ಗಾಳಿ

…ಬಾಗಲದಾಗ ಯಾಕ ನಿಂತಿ? ಒಳಗ ಬಾ. ಎಂಟ ವರ್ಷದ ಮ್ಯಾಲ ಒಡಹುಟ್ಟಿದ ಅಣ್ಣನ ಹೊಸ್ತಲಾ ದಾಟಾಕತ್ತೀದಿ, ಕಾಲ ಜಡಾ ಆಗೂದು ಖರೆ. ಆದ್ರೂ ಬಾ. ಕುಂದ್ರು. ಮಂಚದ ಮ್ಯಾಲ ಬ್ಯಾಡ… ಆ ಖುರ್ಚಿ ಮ್ಯಾಲ ಕುಂದ್ರು. ಮಂಚಕ್ಕ ಏನೂ ಆಗಿಲ್ಲೋ, ಒಂದ ಕಾಲ ಸಡಲಾಗೇತಿ ಅಷ್ಟ. ಕೌದಿ ಸರಸಬ್ಯಾಡ. ಅದ ಹೆಂಗ ಜೋತ ಬಿದ್ದೈತಿ ಹಂಗ ಇರ್ಲಿ.

ಸಪ್ಪಳಾ? ಯಾವ ಸಪ್ಪಳಾ? … ಗುಂಯ್ ಅನ್ನೂದ? ಹುಳಾ ಇರಬೇಕ ತಗೋ. ತೊಲಿಯಾಗ ದುಂಬಿ ಗೂಡ ಮಾಡೇತಿ.

ನೋಡ ಪ್ರಭ್ಯಾ, ಮಾತ ಬಿಟ್ಟಾವ್ರು ನಾವಿಬ್ರು, ಹೆಂಗಸರ ಬಿಟ್ಟಿಲ್ಲ. ನಿಮ್ಮ ವೈನಿ ಸಾವಿತ್ರಿ ಗ್ವಾಡಿ ಮ್ಯಾಗಿಂದ ನಿನ್ನ ಹೇಂತಿ ಮಹಾನಂದಾಗ ಹೇಳ್ಯಾಳ, ಮಹಾನಂದಾ ನಿನಗ ಹೇಳ್ಯಾಳ. ಅಂದಮ್ಯಾಲ ನಾ ಯಾಕ ಕರಿಸೇನಿ ಅನ್ನೂದ ನಿನಗ ಗೊತ್ತೈತಿ. ಒಂದ ಸಹಿ. ಬರೇ ಒಂದ ಸಹಿ. ಮಾತಾಡಬೇಕಂತೇನಿಲ್ಲ. ಮಾತಾಡದನ ಸಹಿ ಮಾಡಿ ಹೋಗು, ನನಗೇನ ಬ್ಯಾಸರಿಲ್ಲ. ಪೆನ್ನ ಇಲ್ಲೈತಿ, ತಗೋ, ಕೈಯಾಗ ಹಿಡಕೊಂಡಾದ್ರೂ ಕುಂದ್ರು.

ಕಾಗದಾ ನಾನ ಓದತೇನಿ ಕೇಳು. 'ಬಮ್ಮಿಗಟ್ಟಿ ಗ್ರಾಮದ ಶ್ರೀ ಈರಪ್ಪನವರ ಮನೆಗೆ ಹೊರಗಿನಿಂದ ಯಾವುದೇ ವಿದ್ಯುತ್ ಸಂಪರ್ಕವಿರುವುದಿಲ್ಲ. ಮನೆಯ ದೀಪ, ಫ್ಯಾನು ಎಲ್ಲವೂ ಅವರೇ ತಯಾರಿಸಿದ ಗಾಳಿಯಂತ್ರದಿಂದಲೇ ನಡೆಯುತ್ತವೆ ಎಂದು ನೆರೆಮನೆಯವನಾದ ನಾನು ಕಣ್ಣಾರೆ ಕಂಡು ದೃಢೀಕರಿಸುತ್ತೇನೆ.' ಕೆಳಗ ನೆರಮನ್ಯಾವನ ಸಹಿ. ನೆರಮನ್ಯಾಂವ ಅಂದ್ರ ನೀನ. ಮೂರ ಕಡೆ ಹೊಲಾ, ಒಂದ ಕಡೆ ನೀ. ಬ್ಯಾರೆ ಯಾರಾದ್ರೂ ಇದ್ದಿದ್ರ ನಿನ್ನ ಕಾಲ ಯಾಕ ಹಿಡೀತಿದ್ದೆ?

ಹಿಡದಿಲ್ಲ, ಖರೆ. ಮಾತಿಗೆ ಅಂದೆ. ಹಂಗ ನೋಡಬ್ಯಾಡ.

ನಾಳೆ ಮುಂಜಾನೆ ಅಥರ್ವ ಸರ್ ಬರ್ತಾರ. ಹುಬ್ಬಳ್ಳಿ ಕಡೆ ಒಂದ ಕಾಲೇಜಿನ್ಯಾಗ ಕಲಸತಾರ, ಸಣ್ಣ ವಯಸ್ಸು, ಬಂಗಾರದಂಥಾ ಮನಶಾ. ಈ ಕಾಗದಾ ಕೊಟ್ನೆಂದ್ರ ನಮ್ಮ ಮನಿಗೆ ಒಂದ ಫಲಕಾ ಕೊಡತಾರ, 'ಸ್ವಾವಲಂಬಿ ಮನೆ' ಅಂತ. ಹಸರ ಬಣ್ಣಾ, ಬಿಳೆ ಅಕ್ಷರ. ನನ್ನ ಮಷೀನಿನಂಥಾದ್ದ ಇನ್ನೊಂದ ಮಾಡಸಿ ನಮ್ಮೂರ ಸಾಲಿ ಮ್ಯಾಲ ನಿಂದರಸತಾರಂತ. ಕೆಳಗ ನನ್ನ ಹೆಸರ ಬರಸತಾರಂತ. ಫಲಕಾ ಎಲ್ಲೆ ಬಡೀಬೇಕಂತ ನಾ ಆಗಲೇ ನೋಡಿ ಇಟ್ಟೇನಿ. ನೀ ಮುಂಜಾನೆ ಹಲ್ಲ ತಿಕ್ಕಾಕ ಕಟ್ಟಿಗೆ ಬಂದ ಕುಂದರತೀಯಲ್ಲ, ಅಲ್ಲಿಂದ ಚಂದಂಗ ಕಾಣತೈತಿ.

ಹಿತ್ತಲ ಕಡೆ ಏನ ನೋಡಾಕತ್ತಿ? ಹೌದು, ತಿರಗಾಕತ್ತಿಲ್ಲ. ಇವತ್ತ ವಾರ ಯಾವ್ದು? ಸೋಮವಾರ ನಾ ಅದನ್ನ ಕಟ್ಟಿ ಹಾಕತೇನಿ. ರವಿವಾರ ಹೊತ್ತ ಮುಣಗೂ ಮುಂದ ನಿಚ್ಚಣಿಕಿ ಏರಿ ರೆಕ್ಕಿಗೆ ಹಗ್ಗಾ ಬಿಗದ್ನೆಂದ್ರ, ಮಂಗಳವಾರ ನಸಕಿನ್ಯಾಗನ ಬಿಚ್ಚೂದು. ಯಾಕ ನಗತಿ? ಅಪ್ಪ ಇರೂತನಕಾ ಸೋಮವಾರ ದಿನಾ ಎತ್ತಿನ ಕೊಳ್ಳಿಗೆ ನೊಗಾ ಹಾಕಿದ್ದ ನೋಡೀಯೇನು? ಬಿತ್ತಗಿ ಹದಾ ಹೋಗಾಕತ್ರೂ ಹಾಕಲಿಲ್ಲ. ಬಸವಣ್ಣನ ವಾರ ಅಂತಿದ್ದ. ದುಡಿಯೂ ಜೀವಕ್ಕ ಒಂದಿನಾ ಬಿಡವ ಬೇಕು ಅಂತಿದ್ದ. ಇದೂ ದುಡೀತೈತಿ. ಜೀವ ಇಲ್ಲ ಅನ್ನೂದ ಬಿಟ್ರ ಎತ್ತಿಗೂ ಇದಕ್ಕೂ ಏನ ಫರಕ ಐತಿ? ಐದ ವರ್ಷದಾಗ ಒಂದ ಸೋಮವಾರ ಸುದ್ದಾ ಇದು ಒಂದ ಸುತ್ತ ಹಾಕಿಲ್ಲ. ಯಾರ ಮುಂದ ಬೇಕಾದ್ರೂ ಹೇಳತೇನಿ.

ರೆಕ್ಕಿ ನೋಡೀಯಾ, ಹೆಂಗ ಹೊಳೀತಾವು? ಕಲಘಟಗ್ಯಾಗ ತೊಟ್ಟಲಾ ಮಾಡಾವ್ರ ಕಡಿಂದ ಮಾಡಸಿದ್ದು. ಅಗದಿ ಸಾಗವಾನಿ ಕಟಗಿ, ಅರಗಿನ ಬಣ್ಣಾ. ಕೆಂಪ, ಹಳದಿ, ತುದಿಗೊಂದೊಂದ ಗಿಳಿ. ಗಿಳಿ ಬ್ಯಾಡೋ ಮಾರಾಯಾ, ಇದ ತೊಟ್ಟಲಾ ಅಲ್ಲ ಅಂದೆ. ಗಿಳಿ ಇಲ್ಲದ ನನ್ನ ಕೈಯಿಂದ ಮಾಲ ಹೊರಗ ಹೋಗೂದಿಲ್ಲ ಅಂದ ಅಂವ. ಚಂದ ಆದ್ವು. ಆದ್ರ ಭಾರಾ ಆದ್ವು. ಪ್ಲಾಸ್ಟಿಕ್ ಪೈಪ ಸೀಳಿ ಮಾಡಿದ್ರ ಇದರ ಎರಡಪಟ್ಟ ತಿರಗತಿತ್ತು ಅಂತ ಅಥರ್ವ ಸರ್ ಅಂದ್ರು. ಇರ್ಲಿ. ಹಿತ್ತಲದಾಗ ಪೈಪ ತಿರಗೂಕಿಂತ ಗಿಳಿ ತಿರಗೂದ ವಾಸಿ.

ಇದನ್ನ ಯಾಕ ಮಾಡಿದೆ ಅನ್ನೂದ ನೆನಪೈತಿಲ್ಲೋ? ಪಾಲ ಆದ ದಿನಾ. ಬಡಗಣ ಅರ್ಧಾ ನಿನಗ, ತೆಂಕಣ ಅರ್ಧಾ ನನಗ, ನಡಬರಕ ಗ್ವಾಡಿ. ಕರೆಂಟಿನ ಮೀಟರ್ ನಿನ್ನ ಕಡೆ ಉಳೀತು, ದನದ ಕೊಟ್ಟಿಗಿ ನಿನ್ನ ಕಡೆ ಉಳೀತು. ಹೊಸಾ ಮೀಟರ್ ತಗೋಬೇಕಂದ್ರ ವೈರು ನಿನ್ನ ಹಂಚಿನ ಮ್ಯಾಗಿಂದ ಬರಬೇಕು, ತಮ್ಮನ ಒಪ್ಪಿಗಿ ಸಹಿ ತಗೊಂಬಾ ಅಂದ್ರು. ನಾ ಕೇಳಲಿಲ್ಲ. ನೀ ಕೊಡತೇನಿ ಅನಲಿಲ್ಲ. ಹುಟ್ಟತಾ ಹುಟ್ಟತಾ ಅಣ್ಣತಮ್ಮರು, ಬೆಳೀತಾ ಬೆಳೀತಾ ದಾಯಾದಿಗಳು ಅಂತ ಸುಮ್ನ ಅಂದಿಲ್ಲ ಹಿರ್ಯಾರು. ಐದ ಮಂದಿ ಮುಂದ ಎದ್ದ ನಿಂತ ನಾ ಏನಂದೆ? 'ಪ್ರಭ್ಯಾನ ವೈರಿನಾಗಿಂದ ಒಂದ ದೀಪಾ ಹಚ್ಚಿಕೊಂಡ್ರ ನಾ ನಮ್ಮಪ್ಪನ ಮಗಾನ ಅಲ್ಲ' ಅಂದೆ. ನೀ ಏನಂದಿ? ಹೇಳು, ಏನಂದಿ?

'ಹಂಗಾರ ಗಾಳಿ ಕುಡದ ಬದುಕು' ಅಂದಿ. ಎಲ್ಲಾರೂ ನಕ್ರು.

ಅವತ್ತ ಉರದ ಹೊಟ್ಟಿ ಇನ್ನೂ ಆರಿಲ್ಲ. ಮೂರ ವರ್ಷ ಚಿಮಣಿ ಬೆಳಕಿನ್ಯಾಗ ಉಂಡ್ವಿ. ಕಡೀಕ ಹಳೇ ಟ್ರ್ಯಾಕ್ಟರಿನ ಡೈನಮೋ ಹುಡಕಿದೆ, ಬ್ಯಾಟರಿ ಹುಡಕಿದೆ, ಜಾಕೀರನ ಕಡಿಂದ ಕಂಬಾ ವೆಲ್ಡಿಂಗ ಮಾಡಸಿದೆ. ಮದ್ಲ ದಿನಾ ದೀಪಾ ಹತ್ತಿದಾಗ ನಾ ಅತ್ತಬಿಟ್ಟೆ. ಹೇಳಾಕ ನಾಚಿಕಿಲ್ಲ ನನಗ. ಗಾಳಿ ಕುಡದ ಬದುಕಾಕತ್ತೇನಿ ನೋಡಲೇ ಅಂತ ಗ್ವಾಡಿ ಹತ್ತಿ ಒದರಬೇಕನಿಸಿತ್ತು. ನಿಮ್ಮ ವೈನಿ ಅಂಗಿ ಹಿಡದ ಜಗ್ಗಿ ಕುಂದರಸಿದಳು.

ಇಗಾ ನೋಡು, ಇದ ವಹಿ. ಐದ ವರ್ಷದ್ದು, ಒಂದ ದಿನಾ ತಪ್ಪಿಲ್ಲ. ಜ್ವರಾ ಬಂದಾಗೂ ಬರದೇನಿ. ಇದು ತಾರೀಖು. ಇದು ಗಾಳಿ ದಿಕ್ಕು, ಯಾವ ಕಡಿಂದ ಬಂತು ಅಂತ. ಇದು ಎಷ್ಟ ಯೂನಿಟ್ ಬ್ಯಾಟರಿಗೆ ಬಿತ್ತು ಅಂತ. ಗ್ವಾಡಿ ಮ್ಯಾಲ ಆ ಸಣ್ಣ ಡಬ್ಬಿ ಐತಲ್ಲ, ಬ್ಯಾಟರಿಗೆ ಏನ ಬಿದ್ರೂ ಅದು ತೋರಸತೈತಿ. ಅದ ತೋರಸಿದ್ದ ನಾ ಬರೀತೇನಿ. ಒಂದ ಕಾಳ ಹೆಚ್ಚಿಲ್ಲ, ಒಂದ ಕಾಳ ಕಡಿಮಿಲ್ಲ. ಪಡುವಣ, ಪಾಯಿಂಟ್ ಎರಡು. ಪಡುವಣ, ಪಾಯಿಂಟ್ ಎರಡು. ಮೂಡಣ, ಪಾಯಿಂಟ್ ಒಂದು. ಗಾಳಿ ಇಲ್ಲ, ಸೊನ್ನಿ. ನೋಡಿದ್ಯಾ? ಸೊನ್ನಿ ಬಂದಾಗ ಸೊನ್ನಿ ಬರದೇನಿ. ಸುಳ್ಳ ಬರಿಯಾಕ ನನ್ನ ಕೈಗೆ ಬರೂದಿಲ್ಲ, ಅಪ್ಪ ಕಲಸಿಲ್ಲ.

ಅಥರ್ವ ಸರ್ ಎರಡ ವರ್ಷದ ಹಾಳಿ ಫೋಟೋ ಹೊಡಕೊಂಡ ಹೋಗಿ ಕಂಪ್ಯೂಟರಿಗೆ ಹಾಕಿದ್ರಂತ. ಎಂಟ ದಿನದ ಮ್ಯಾಲ ಫೋನ್ ಬಂತು. 'ಈರಪ್ಪನವ್ರ, ನಿಮ್ಮ ಹಿತ್ತಲದಾಗ ಏಳು ದಿನಕ್ಕೊಮ್ಮೆ ಬಡಗಣ ಗಾಳಿ ಬೀಸತದ. ಅವತ್ತ ಉಳದ ದಿನಕ್ಕಿಂತ ಮೂರುಪಟ್ಟು ಕರೆಂಟ್ ಬರತದ. ಇಂಥಾದ್ದು ನಾ ಎಲ್ಲೂ ಓದಿಲ್ಲ. ಆ ಕಡೆ ಕಾಡಿನ ಪರಿಣಾಮ ಇರಬಹುದೇನ್ರಿ?' ಅಂದ್ರು. ಇರಬಹುದ್ರಿ ಅಂದೆ. ಕಲತಾವ್ರು ಕಾಡ ಅಂದಮ್ಯಾಲ ಅಲ್ಲ ಅನ್ನಾಕ ನಾ ಯಾರು? ಇದರ ಮ್ಯಾಲ ಏನೋ ಬರೀತಾರಂತ, ದೊಡ್ಡ ಪುಸ್ತಕದಾಗ ಹಾಕಸತಾರಂತ. ಬಮ್ಮಿಗಟ್ಟಿ ಗಾಳಿ ಅಂತ ಹೆಸರಿಡತೇನಿ ಅಂದ್ರು…

ಯಾಕ ನಗತಿ? ಅಲ್ಲ, ಬಾಯಿ ಮುಚಗೊಂಡ ನಗೂದೇನ ನಗೂ ಅಲ್ಲಂತ ತಿಳದೀಯೇನು? ಹೆಗಲ ಕುಣ್ಯಾಕತ್ತಾವು.

ಗ್ವಾಡಿ ಯಾಕ ನೋಡತಿ? ಒಂದ ಇಟ್ಟಂಗಿ ಬಿದ್ದೈತಿ ಖರೆ. ಇಲಿ ಕೆಡವ್ಯಾವು. ಹಚ್ಚಿಸಬೇಕಂತ ಎರಡ ವರ್ಷದಿಂದ ಅಂದಕೊಳ್ಳಾಕತ್ತೇನಿ, ಗಾರೆ ಕೆಲಸದಾಂವ ಸಿಗವಲ್ಲ. ನಾ ಯಾಕ ಇಷ್ಟ ಹೇಳಾಕತ್ತೇನಿ? ನೀ ಏನೂ ಕೇಳಿಲ್ಲ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಕೊಂಡನಂತ, ಹಂಗ ತಿಳಕೋಬ್ಯಾಡ. ಸಹಿ ಮಾಡು. ಪೆನ್ನ ಹಿಡದ ಎಷ್ಟ ಹೊತ್ತಾತು?

ಎಲ್ಲಿಗೆ ಎದ್ದಿ? ಕ್ಯಾಲೆಂಡರ್ ಯಾಕ ತಗೀತಿ? ಹಗರಕ ತಗೀ, ಮೊಳಿ ಕಿತ್ತ ಬಂದೀತು. ತಾರೀಖ ನೋಡೂದಿದ್ರ ನನ್ನ ಕೇಳು, ನಾ ಹೇಳತೇನಿ…

ಅಕ್ಟೋಬರ್ ಹಾಳಿ. ಹ್ಞೂಂ. ಆರನೇ ತಾರೀಖು, ಬಡಗಣ, ಪಾಯಿಂಟ್ ಆರು. ಹದಿಮೂರು, ಬಡಗಣ, ಪಾಯಿಂಟ್ ಆರು. ಇಪ್ಪತ್ತು. ಇಪ್ಪತ್ತೇಳು… ಕೈಬೆರಳ ತಗೀ. ಕ್ಯಾಲೆಂಡರಿನ ಮ್ಯಾಲ ಒಂದ ಬಟ್ಟ, ವಹಿ ಮ್ಯಾಲ ಒಂದ ಬಟ್ಟ… ತಗಿಯಲೇ.

ಅಥರ್ವ ಸರ್ ಇಷ್ಟ ಕಲತಾರ, ಅವರಿಗೆ ವಾರ ನೋಡಬೇಕಂತ ಹೊಳೀಲಿಲ್ಲ. ವಹಿಯಾಗ ವಾರ ಬರದಿಲ್ಲ ನಾ. ನಿನಗ ಹೊಳೀತು. ಒಂದ ಹೊಟ್ಟ್ಯಾಗಿಂದ ಬಂದಾಂವ, ಹೊಳೀದ ಏನ ಮಾಡೀತು.

ಹೌದು. ಸೋಮವಾರ.

ಕಟ್ಟಿ ಹಾಕಿದ ಎತ್ತು ಹೊಲಾ ಹೆಂಗ ಉಳತು ಅಂತ ಕೇಳಬೇಕ ಮಾಡೀಯಿಲ್ಲೋ? ಕೇಳು. ಕೇಳಿಬಿಡು. ಬೈದಬಿಡು ಬೇಕಾದ್ರ.

… ಎರಡ ವರ್ಷಾತು. ಜೋರ ಮಳಿಗಾಲ. ಮಧ್ಯಾಹ್ನ ಮೂರ ಆಗಿತ್ತು. ನಿಮ್ಮ ವೈನಿಗೆ ದಮ್ಮ ಎದ್ದಿತ್ತು. ಅಕಿ ಮಾರಿಗೆ ಹಿಡಕೊಳ್ಳೂ ಔಷಧದ ಮಷೀನ್ ಐತಲ್ಲ, ಕರೆಂಟಿಲ್ಲದ ನಡಿಯೂದಿಲ್ಲ ಅದು. ಬ್ಯಾಟರಿ ಖಾಲಿ. ಎರಡ ದಿನಾ ಗಾಳೀನ ಇರಲಿಲ್ಲ, ಅವತ್ತ ಹಾಳಾದ್ದ ಗಾಳಿ ಎದ್ದಿತ್ತು, ಆದ್ರ ಅವತ್ತ ಸೋಮವಾರ. ನಾ ನಿಚ್ಚಣಿಕಿ ತನಕಾ ಹೋದೆ. ಎರಡ ಮೆಟ್ಟಲಾ ಏರಿದೆ. ಹಗ್ಗಕ್ಕ ಕೈ ಹಾಕಬೇಕು… ಅಪ್ಪ ನೆನಪಾದ. ಹಾಸಗಿ ಹಿಡದಾಗ ಸುದ್ದಾ, ಇವತ್ತ ಸೋಮವಾರ, ಎತ್ತಿಗೆ ನೊಗಾ ಹಾಕಿಲ್ಲಲ್ಲೋ ಈರ್‍ಯಾ ಅಂತ ಕೇಳತಿದ್ದ. ಇಳದ ಬಂದೆ.

ಒಳಗ ಅಕಿ ಉಸಿರಿಗೆ ಒದ್ದಾಡಾಕತ್ತಾಳ. ಗ್ವಾಡ್ಯಾಗ ಒಂದ ಇಟ್ಟಂಗಿ ಸಡಲ ಇತ್ತು. ಇಲಿ ಕೆಡವಲಿಲ್ಲ, ನಾನ ಕಿತ್ತೆ. ಅದರ ಆಚಿಗೆ ನಿನ್ನ ಕೊಟ್ಟಿಗಿ. ಮೇವು ಕತ್ತರಸೂ ಮಷೀನಿಗೆ ಅಂತ ಅಪ್ಪ ಹಾಕಿಸಿದ ಪ್ಲಗ್ಗು, ಅಗದಿ ಕೈಗೆ ಎಟಕೂವಂಗ. ವೈರ್ ತೂರಿಸಿ ಚುಚ್ಚಿದೆ. ಮದ್ಲ ಬರಲಿಲ್ಲ. ಅಲ್ಲಾಡಿಸಿದೆ. ಎರಡ ನಿಮಿಷಾ ಬಿಟ್ಟ ತಾನಾಗೇ ಬಂತು. ಅಕಿ ಉಸಿರ ಹದಕ್ಕ ಬಂತು. ನಾ ಗ್ವಾಡಿಗೆ ಆನಿಕೊಂಡ ಹಂಗ ಕೆಳಗ ಕುಂತೆ.

ಒಂದ ನೇಮಾ ಮುರೀಬಾರದಂತ ಇನ್ನೊಂದ ನೇಮಾ ಮುರದೆ, ನೋಡು. ನನ್ನಂಥಾ ಶಾಣ್ಯಾ ಈ ಊರಾಗ ಯಾರದಾರ?

ಅಲ್ಲಿಗೆ ನಿಂತಿದ್ರ ಮಾತ ಬ್ಯಾರೆ. ಮುಂದಿನ ಸೋಮವಾರ ಅಕಿಗೆ ಮತ್ತ ದಮ್ಮ ಏಳತೈತೇನೋ ಅಂತ ಹೆದರಿಕಿ ಬಂತು. ಬ್ಯಾಟರಿ ತುಂಬಿಸಿ ಇಟ್ಟಕೊಳ್ಳೂಣು ಅಂದೆ. ಚಾರ್ಜರ್ ತಂದೆ. ಇಗಾ, ಮಂಚದ ಕೆಳಗ, ಕೌದಿ ಮರಿಗೆ. ಆ ದುಂಬಿ ಸಪ್ಪಳಾ ಅದರದ. ನಿನಗ ಬಂದ ಕೂಡಲೇನ ಗೊತ್ತಾಗಿತ್ತಲ್ಲ? … ಹ್ಞೂಂ. ಆಮ್ಯಾಲ ಅದ ರೂಢಿ ಆತು. ಡಬ್ಬಿ ಪಾಯಿಂಟ್ ಆರು ತೋರಸತಿತ್ತು, ನಾ ಪಾಯಿಂಟ್ ಆರು ಬರೀತಿದ್ದೆ. ಬರಿಯೂದ ಬಿಡಬೇಕಂದ್ರ ಮನಸ ಒಪ್ಪಲಿಲ್ಲ. ವಹಿಯಾಗ ದಿಕ್ಕಿನ ಜಾಗಾದಾಗ ಏನ ಬರೀಲಿ? ಪಡುವಣ ಅಂತ ಬರದ್ರ ಸುಳ್ಳ ಆಕ್ಕೈತಿ. ಬಡಗಣದಿಂದ ಬಂದಿತ್ತು, ಬಡಗಣ ಅಂತ ಬರದೆ. ಕಳವ ಮಾಡೇನಿ ಬೇಕಾದ್ರ ಅನ್ನು, ಸುಳ್ಳ ಬರದಿಲ್ಲ.

ಇನ್ನೂ ಒಂದ ಹೇಳತೇನಿ, ಹೆಂಗೂ ಮಾನ ಹೋತು. ಬರೇ ಸೋಮವಾರ ಅಲ್ಲ, ಒಮ್ಮೆ ಗುರುವಾರಾನೂ ಚುಚ್ಚಿ ನೋಡೇನಿ. ಗಾಳಿ ಸತ್ತಹೋಗಿತ್ತು ಆ ವಾರ. ಬರಲಿಲ್ಲ. ಇನ್ನೊಮ್ಮೆ ಶನಿವಾರ ಚುಚ್ಚಿದೆ. ಆಗೂ ಬರಲಿಲ್ಲ. ನಿಮ್ಮ ಮನ್ಯಾಗ ಟಿವಿ ಒದರಾಕತ್ತಿತ್ತು, ಅಂದ್ರ ಕರೆಂಟ್ ಇತ್ತು. ಆ ಪ್ಲಗ್ಗಿನ್ಯಾಗ ಮಾತ್ರ ಇಲ್ಲ. ಸೋಮವಾರ ಮುಂಜಾನೆ ಚುಚ್ಚಿದ್ರ ಮಾತ್ರ ಬರತಿತ್ತು. ಬಸವಣ್ಣನ ಕೃಪಾ ಅಂತ ತಿಳದೆ ನಾ. ಖರೇನ, ಆಣಿ ಮಾಡಿ ಹೇಳತೇನಿ, ಎರಡ ಊದಿನಕಡ್ಡಿ ಹೆಚ್ಚ ಹಚ್ಚತಿದ್ದೆ. ತನ್ನ ವಾರದಾಗ ಮಷೀನಿಗೆ ಬಿಡವ ಕೊಟ್ಟಾನ ಈರ್‍ಯಾ ಅಂತ ಮೆಚ್ಚಿ ಅಂವನ ಕೊಡಾಕತ್ತಾನ ಅಂದಕೊಂಡಿದ್ದೆ.

ಎರಡ ಸೋಮವಾರ ಅಷ್ಟ ಕೈಕೊಟ್ಟ ಬಸವಣ್ಣ. ಎರಡ ವರ್ಷದಾಗ ಬರೇ ಎರಡು. ಹಾಳಿ ತೋರಸತೇನಿ, ತಡಿ. ಕಾರಹುಣ್ಣಿವಿ ಎದರಿನ್ಯಾಗ… ಇಗಾ. ಸೊನ್ನಿ. ಮತ್ತ ಎಂಟನೇ ದಿನಕ್ಕ ಇಲ್ಲೆ, ಸೊನ್ನಿ. ಬೀದಿ ದೀಪಾ ಉರಿಯಾಕತ್ತಿದ್ವು, ನನ್ನ ಪ್ಲಗ್ಗ ಸತ್ತಿತ್ತು. ಏನ ತಪ್ಪ ಮಾಡಿದ್ನೋ ಅಂತ ಎರಡ ವಾರ ತಲಿ ಕೆಡಸಿಕೊಂಡಿದ್ದೆ. ಆವಾಗ ನೀವೂ ಊರಾಗ ಇರಲಿಲ್ಲ. ನಿನ್ನ ಮಗಳು ಅಮೃತಾನ ಬಾಳಂತನ ಮುಗದಿತ್ತು, ಅಕಿನ್ನ ಕೂಸಿನ್ನ ತಂಬೂರಕ್ಕ, ಗಂಡನ ಮನಿಗೆ, ಬಿಟ್ಟಬರಾಕ ಹೋಗಿದ್ರಿ. ಹತ್ತ ದಿನಾ. ಬಣ್ಣದ ತೊಟ್ಟಲಾ ಟ್ರ್ಯಾಕ್ಟರಿನ್ಯಾಗ ಹೇರಿದ್ದ ನಾ ಕಿಡಕ್ಯಾಗಿಂದ ನೋಡಿದೆ. ಕೂಸಿನ ಮಾರಿ ಸುದ್ದಾ…

ನೀವ ಊರಾಗ ಇರಲಿಲ್ಲ.

ತಡಿ, ತಡಿ. ಪ್ರಭ್ಯಾ, ನಿನ್ನ ಕೊಟ್ಟಿಗ್ಯಾಗ ಎತ್ತ ಇಲ್ಲ. ಮೇವಿನ ಮಷೀನ್ ಮಾರಿ ಮೂರ ವರ್ಷಾತು. ಆ ಪ್ಲಗ್ಗಿನಿಂದ ನಿನಗೇನ ಕೆಲಸಾ? ಅದರ ಬಟನ್… ಬಟನ್ ಕೊಟ್ಟಿಗ್ಯಾಗ ಇಲ್ಲ. ಎತ್ತ ನೆಕ್ಕತಾವಂತ ಅಪ್ಪ ಅದನ್ನ ಒಳಗ ಇಡಿಸಿದ. ಅಡಗಿಮನ್ಯಾಗ, ಬೀಸೂಕಲ್ಲಿನ ಬಾಜೂಕ. ನಿನ್ನ ಅಡಗಿಮನ್ಯಾಗ.

ಅವತ್ತ ಮದ್ಲನೇ ಸಲಾ ಎರಡ ನಿಮಿಷಾ ತಡಾ ಆತಲ್ಲ. ನಾ ವೈರ್ ಲೂಸ್ ಅಂದಕೊಂಡಿದ್ದೆ.

ಯಾರ ಒತ್ತಿದ್ರು? … ನೀನೋ, ಮಹಾನಂದಾನೋ? … ಸೋಮವಾರ ಸೋಮವಾರ ಯಾರ ಒತ್ತತಿದ್ರು, ಹೇಳು. ಕೆಳಗ ನೋಡಬ್ಯಾಡ, ನನ್ನ ಮಾರಿ ನೋಡು. … ಸಾವಿತ್ರೀ! ಒಳಗ ಚಾದ ಬಟ್ಟಲದ ಸಪ್ಪಳಾ ಯಾಕ ನಿಂತು? ನಿನಗೂ ಗೊತ್ತಿತ್ತೇನ? … ಎರಡೂ ಮನ್ಯಾಗ ಗೊತ್ತಿಲ್ಲದಾಂವ ನಾ ಒಬ್ಬನ.

ಎರಡ ವರ್ಷ ನಾ ಕಟ್ಟಿಗೆ ಕುಂತ ನಿನಗ ಕೇಳಸೂವಂಗ ಅಂತಿದ್ದೆ, ಯಾರ ಹಂಗೂ ಇಲ್ಲ ನನಗ, ಗಾಳಿ ಕುಡದ ಬದುಕೇನಿ ಅಂತ. ನೀ ಹಲ್ಲ ತಿಕ್ಕೋತ ಕೇಳತಿದ್ದಿ. ಒಂದ ಸಲಾನೂ ಬಾಯಿ ಬಿಡಲಿಲ್ಲ. ನೀ ಅವತ್ತ ಒಂದ ಮಾತ ಅಂದಿದ್ರ ನಾ ಊರಾಗ ತಲಿ ಎತ್ತತಿದ್ದಿಲ್ಲ. ಕುಡದೆ ತಮ್ಮಾ. ನಿನ್ನ ಅಡಗಿಮನಿ ಗಾಳಿ ಕುಡದೆ.

ಏನ ಮಾಡಾಕತ್ತಿ? ಸಹಿ ಮಾಡಬ್ಯಾಡ! ಬಿಡು ಪೆನ್ನ. ನೀ ಮಾಡಿಬಿಡಾಂವ ಅದೀ, ನನಗ ಗೊತ್ತು, ಅದಕ್ಕ ಹೇಳಾಕತ್ತೇನಿ. ನನ್ನ ಸಲವಾಗಿ ನೀ ಸುಳ್ಳ ಬರಿಯೂದ ಬ್ಯಾಡ. ಕಾಗದಾ ಇತ್ತ ಕೊಡು. ನಾಳೆ ಅಥರ್ವ ಸರ್ ಬಂದ್ರ ನಾನ ಹೇಳತೇನಿ, ಕಾಡಿನ ಗಾಳಿ ಅಲ್ರಿ ಸರ್, ಅದ ನನ್ನ ತಮ್ಮನ ಮನಿ ಗಾಳಿ ಅಂತ. ಫಲಕಾ ವಾಪಸ್ ಒಯ್ತಾರ. ಒಯ್ಲಿ. ಸಾಲಿ ಮ್ಯಾಲ ಗಿಳಿ ಇಲ್ಲದ ರೆಕ್ಕಿ ಹಚ್ಚಲಿ, ಅದ ಜೋರ ತಿರಗತೈತಿ.

ಇವತ್ತಿನದ ಬರಿಯೂದ ಉಳದೈತಿ. ತಾರೀಖ ನಾ ಹಾಕತೇನಿ. ದಿಕ್ಕ ನೀ ಬರಿ. ಬರಿಯಲೇ, ನಿನ್ನ ಅಕ್ಷರ ನನಗಿಂತ ಚಂದ ಅದಾವು. … ಹಾಂ. ಬಡಗಣ.

ಕುಂದ್ರು ಇನ್ನ, ಮಂಚದ ಮ್ಯಾಲನ ಕುಂದ್ರು. ಚಾ ಬರತೈತಿ. ಮನಿಗೆ ಹೋದಮ್ಯಾಲ ಆ ಬಟನ್ ಈಗನ ಆರಸಬ್ಯಾಡ ಅಂತ ಮಹಾನಂದಾಗ ಹೇಳು. ಬ್ಯಾಟರಿ ಇನ್ನೂ ಅರ್ಧಾನೂ ತುಂಬಿಲ್ಲ.